ಗುಜರಿ ಲಾರಿ ಖಾಲಿ ಹೋಯಿತು

ಗೆಳೆಯರೇ, ಇವತ್ತು ಹೆಮ್ಮಾಡಿ ಕಡೆಯ ಹಳೆ ಹಂಚಿನ ಕಾರ್ಖಾನೆಯಲ್ಲಿ ಗೆದ್ದೆವು! ಕಟ್ಟಡವನ್ನು ಉಳಿಸಿ ಮ್ಯೂಸಿಯಂ ಮಾಡುತ್ತೇವೆ ಎಂದವರೇ ಹಂಚು ಒತ್ತುವ ಯಂತ್ರವನ್ನು ಗುಜರಿಗೆ ಹಾಕಲು ಲಾರಿ ತರಿಸಿದ್ದರು. "ಕೆಟ್ಟು ನಿಂತ ಕಬ್ಬಿಣ, ಸುಮ್ಮನೆ ಜಾಗ ದಂಡ" ಎಂದರು ಇಂಜಿನಿಯರ್. ನಾನು ಘೋಷಣೆ ಕೂಗಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ, ಅದೇ ಯಂತ್ರದ ಮುಂದೆ ಮೂವತ್ತು ವರ್ಷ ದುಡಿದ ಗಿರಿಜಕ್ಕ ಒಳಗೆ ಬಂದರು.

"ಹ್ವಾಯ್, ಇದನ್ನ್ ತಕಂಡ್ ಹೋರೆ ಒಳ್ಗೆ ಎಂತ ಇಡ್ತ್ರಿ? ಇದೆಂತ ಮದಿ ಮಂಟಪವಾ, ಖಾಲಿ ಬಿಡುಕೆ?"

ಮ್ಯೂಸಿಯಂ ಕೆಲಸ ಶುರುಮಾಡುವ ಪೂಜೆಯ ದೀಪಕ್ಕೆಂದು ಅಲ್ಲಿ ತಂದಿಟ್ಟಿದ್ದ ತೆಂಗಿನೆಣ್ಣೆಯನ್ನು ಅಚ್ಚಿಗೂ ತಿರುಪಿಗೂ ಸುರಿದೇಬಿಟ್ಟರು. ಜೊತೆಗೆ ಬಂದಿದ್ದ ಹಳೆಯ ಕೆಲಸಗಾರ್ತಿಯರು ಜೇಡಿಮಣ್ಣು ಮಿದ್ದು ಅಚ್ಚಿನಲ್ಲಿಟ್ಟರು. ಚಕ್ರ ತಿರುಗಿಸಲು ಗುಜರಿ ಲಾರಿಯ ಡ್ರೈವರೇ ಕೈ ಹಾಕಿದ! ಯಂತ್ರ ಕಿರ್ರೆಂದು ನರಳಿ, ಒಂದು ಹಸಿ ಹಂಚನ್ನು ಕೊಟ್ಟಿತು. ಚಪ್ಪಾಳೆಯೋ ಚಪ್ಪಾಳೆ, ಇಂಜಿನಿಯರದ್ದೂ ಸೇರಿ. ಯಂತ್ರ ಇಲ್ಲೇ ಇರಲಿ ಎಂದು ಅವರಿಂದ ಅಲ್ಲೇ ಬರೆಸಿಕೊಂಡೆವು.

ಗಿರಿಜಕ್ಕ ಹಸಿ ಹಂಚಿನ ಮೇಲೆ ಮೂಡಿದ್ದ ಕಂಪನಿಯ ಹೆಸರನ್ನು ಒರೆಸಿ, ಬೆರಳಲ್ಲಿ ತಮ್ಮ ಹೆಸರು ಬರೆದರು.

"ಅಯ್ಯೋ ಅಕ್ಕಾ, ಕಂಪನಿ ಹೆಸರೇ ಹೋಯಿತಲ್ಲ!" ಎಂದರು ಇಂಜಿನಿಯರ್.

"ಅವ್ರ್ ಹೆಸ್ರ್ ಊರಿನ್ ಎಲ್ಲಾ ಮನಿ ಮಾಡಿನ್ ಹಂಚಿನ್ ಮೇಲೂ ಇತ್ತ್. ಒಂದ್ ಹಂಚಿನ್ ಮೇಲಾರೂ ನಂದಿರ್ಲಿ."