ಬನಹಟ್ಟಿವರೆಗಿನ ಮಲ್ಲಿಗೆ

ಜಮಖಂಡಿಯ ಸೆಂಟಿನ ಅಂಗಡಿಯಲ್ಲಿ ಅಪರಿಚಿತ ಹೆಂಗಸೊಬ್ಬಳು ತಟ್ಟನೆ ನನ್ನ ಮುಂಗೈ ಹಿಡಿದು ಮೂಗಿಗೆ ಒತ್ತಿಕೊಂಡಳು. ಅಣ್ಣನ ಮಗಳ ಮದುವೆಗೆಂದು ದುಬಾರಿ ಸೆಂಟು ಆರಿಸಲು ಹೋಗಿದ್ದ ನಾನು ಆಗಷ್ಟೇ ಒಂದನ್ನು ಕೈಗೆ ಹಚ್ಚಿಸಿಕೊಂಡಿದ್ದೆ. ಸಿಟ್ಟಿನಿಂದ ಕೈ ಎಳೆದುಕೊಳ್ಳಬೇಕೆಂದುಕೊಂಡವಳು ಅವಳ ಮುಖ ನೋಡಿ ಹಾಗೇ ಬಿಟ್ಟೆ. ಮೂವತ್ತೂ ದಾಟಿರದ ವಯಸ್ಸು. ಹಣೆಯಲ್ಲಿ ಕುಂಕುಮವಿಲ್ಲ, ವಿಭೂತಿಯಷ್ಟೇ.

"ಮಲ್ಲಿಗಿ ಐತ್ರಿ ಇದರಾಗ," ಎಂದಳು, ಕಣ್ಣು ಮುಚ್ಚಿಕೊಂಡೇ. "ನಮ್ಮನಿಯವರು ತೀರಿಕೊಂಡಮ್ಯಾಲೆ ಹೂವ ಮುಡಕೊಂಡಿಲ್ರಿ."

ಅವಳಿಗೂ ಒಂದಿಷ್ಟು ಹಚ್ಚುವಂತೆ ಅಂಗಡಿಯವನಿಗೆ ಹೇಳಿದೆ. ಅವನು ಸೀಸೆ ಎತ್ತಿದ ಕೂಡಲೇ ಅವಳು ಕೈ ಹಿಂದಕ್ಕೆ ಎಳೆದುಕೊಂಡು, ವಾಸನೆ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದಳು. ಗಿರಾಕಿ ಸಿಕ್ಕಿತೆಂದುಕೊಂಡ ಅವನು, "ಇದರಾಗಿನ ಹೂವಿಂದು ತಾಸಿನಾಗ ಹೋಗತೈತ್ರಿ. ಆದ್ರ ಶ್ರೀಗಂಧದ್ದು ರಾತ್ರಿ ತನಕ ಹೋಗಂಗಿಲ್ಲ ನೋಡ್ರಿ," ಎಂದ.

"ಹಂಗಾದ್ರ ಹಚ್ರಿ," ಎಂದು ಕೈ ಚಾಚಿದಳು. "ಬನಹಟ್ಟಿ ಮುಟ್ಟೂದ್ರಾಗ ಹೂವಿಂದು ಹೋಗಬೇಕ್ರಿ. ಗಂಧದ್ದು ಉಳದ್ರ, ಗುಡಿಗೆ ಹೋಗಿದ್ದೆ ಅಂತ ಅತ್ತಿಯವ್ರಿಗೆ ಹೇಳ್ತೇನಿ."

ಮುಂಗೈಯನ್ನು ಮೂಗಿನಿಂದ ತೆಗೆಯದೆಯೇ ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬನಹಟ್ಟಿಯ ಬಸ್ಸು ತಡವಾಗುತ್ತದೆಂದು ಸದಾ ಬೈಯುವ ನಾನು, ಅವತ್ತು ಅದು ತಡವಾಗಿಯೇ ಹೊರಡಲಿ ಎಂದುಕೊಂಡೆ.

ಅದೇ ಸೆಂಟು ಕೊಂಡು ಮನೆಗೆ ಬಂದೆ. ಸಂಜೆ ದೀಪ ಹಚ್ಚುವಾಗ ಮುಂಗೈ ಮೂಸಿದರೆ ಮಲ್ಲಿಗೆ ಹೋಗಿ ಬರೀ ಶ್ರೀಗಂಧ ಉಳಿದಿತ್ತು. ಅವಳು ಮನೆ ಮುಟ್ಟಿರಬೇಕು.