ಯಾರದೋ ಕೋಟು ನಮ್ಮದಾಗುವ ಕೋಣೆ

ಬೀದಿದೀಪಗಳು ಇನ್ನೂ ಆರಿಲ್ಲ. ಮುಚ್ಚಿಹೋದ ಹಳೆಯ ಬೇಕರಿಯ ಹಿಂದಿನ ಕೋಣೆಯಲ್ಲಿ, ಒಂದೇ ಬಲ್ಬಿನ ಕೆಳಗೆ ಕುಳಿತು, ಹೆಂಗಸೊಬ್ಬರು ಪುಟ್ಟ ಕೋಟಿನಿಂದ ಗುಂಡಿಗಳನ್ನು ಕೀಳುತ್ತಿದ್ದಾರೆ. ಬ್ಲೇಡಿನ ತುದಿ ದಾರಕ್ಕೆ ತಾಗಬೇಕು, ಬಟ್ಟೆಗೆ ತಾಗಬಾರದು. ಕಿತ್ತ ಗುಂಡಿ ಟಣ್ಣೆಂದು ಬಿಸ್ಕತ್ತಿನ ಡಬ್ಬಿಗೆ ಬೀಳುತ್ತದೆ. ಕೋಟಿಗೆ ಏನೂ ಆಗಿಲ್ಲ, ಗುಂಡಿಗಳೂ ಗಟ್ಟಿಯಾಗಿಯೇ ಇವೆ. ಆದರೂ ಕೀಳುತ್ತಾರೆ. ಸುತ್ತಲಿನವರೆಲ್ಲ ಅವರನ್ನು ಗುಂಡಿ ಅಕ್ಕ ಎಂದು ಕರೆಯುವುದು ಇದಕ್ಕೇ.

ಈ ಬೇಕರಿ ಈಗ ಬಡಾವಣೆಯ ಕೆಲವರು ಸೇರಿ ನಡೆಸುವ ನೆರವಿನ ಮನೆ. ಹಿಂದೆ ಬ್ರೆಡ್ ಇಡುತ್ತಿದ್ದ ಗಾಜಿನ ಕಪಾಟಿನಲ್ಲಿ ಅಕ್ಕಿ, ಎಣ್ಣೆ, ಸೋಪು, ಹಾಲಿನ ಪುಡಿ. ದೊಡ್ಡ ಒಲೆಯ ಹೊಟ್ಟೆಯೊಳಗೆ ಮಡಿಸಿಟ್ಟ ಕಂಬಳಿಗಳು. ಅದರ ಕಬ್ಬಿಣದ ಬಾಗಿಲು ದಾಟಿ ಯಾವ ಇಲಿಯೂ ಹೋಗಲಾರದು. ಕೆಲಸ ಕಳೆದುಕೊಂಡವರು, ಕಾಯಿಲೆ ಬಿದ್ದವರು, ತಿಂಗಳ ಕೊನೆಯ ವಾರ ದಾಟಲಾಗದವರು ದಿನಕ್ಕೆ ಮೂವತ್ತು ನಲವತ್ತು ಮಂದಿ ಬರುತ್ತಾರೆ. ಸಾಮಾನು ಹಂಚುವವರು ಒಬ್ಬ ನಿವೃತ್ತ ಬಸ್ ಕಂಡಕ್ಟರ್. "ಒಳಗೆ ಬನ್ನಿ, ಒಳಗೆ ಬನ್ನಿ, ಹಿಂದೆ ಸೀಟು ಖಾಲಿ ಇದೆ" ಎಂದು ಅವರು ಕೂಗಿದರೆ, ತಲೆ ತಗ್ಗಿಸಿ ನಿಂತವರೂ ನಕ್ಕುಬಿಡುತ್ತಾರೆ.

ಗುಂಡಿ ಅಕ್ಕನ ಪಾಲಿಗೆ ಬರುವುದು ಬಟ್ಟೆ. ಜನ ಕೊಟ್ಟುಹೋದ ಹಳೆಯ ಉಡುಪುಗಳನ್ನು ಒಗೆದು, ಬಿಟ್ಟ ಹೊಲಿಗೆ ಹಾಕಿ, ಇಸ್ತ್ರಿ ಮಾಡಿಟ್ಟರೆ ಅವರ ಕೆಲಸ ಮುಗಿಯಿತು. ಅವರು ಅಷ್ಟಕ್ಕೆ ಬಿಡುವುದಿಲ್ಲ. ಮಕ್ಕಳ ಬಟ್ಟೆಯಾದರೆ ಗುಂಡಿ ಬದಲಾಗಲೇಬೇಕು. ಚೂಪು ಕಾಲರು ದುಂಡಗಾಗುತ್ತದೆ, ಹಳೆಯ ಜೇಬಿನ ಮೇಲೆ ಬೇರೆ ಬಣ್ಣದ ಜೇಬು ಕೂರುತ್ತದೆ. ಕೊಟ್ಟವರ ಮಗು ಎದುರಿಗೇ ಬಂದರೂ ತನ್ನದೆಂದು ಗುರುತು ಹಿಡಿಯಬಾರದು.

"ಚೆನ್ನಾಗಿರೋದನ್ನ ಯಾಕಮ್ಮ ಬಿಚ್ಚಿ ಬಿಚ್ಚಿ ಹಾಕ್ತೀಯಾ, ಕೈ ಕಡಿಯುತ್ತಾ?" ಎಂದು ಕಂಡಕ್ಟರ್ ರೇಗಿಸುತ್ತಾರೆ.

"ನಿಮಗೆ ಬಾಯಿ ಕಡಿಯುತ್ತಲ್ಲ ಮಾಮ, ಹಾಗೇ."

ಇವತ್ತು ಮೇಜಿನ ಮೇಲಿರುವ ನೀಲಿ ಕೋಟಿನ ವಿಷಯದಲ್ಲಿ ಮಾತ್ರ ಅಕ್ಕನಿಗೆ ತಮಾಷೆ ಬೇಕಿಲ್ಲ. ನಾಳೆ ಶಾಲೆ ಶುರು. ಇದನ್ನು ಹಾಕಿಕೊಳ್ಳಬೇಕಾದ ಹುಡುಗಿ ಕಳೆದ ಚಳಿಗಾಲದಲ್ಲಿ ಶಾಲೆ ಬಿಟ್ಟು ಮನೆಯಲ್ಲಿ ಕೂತವಳು. ಹಾಗಾಗಲು ಕಾರಣ ತಾನೇ ಎಂದು ಅಕ್ಕ ಯಾರು ಕೇಳಿದರೂ ಹೇಳುತ್ತಾರೆ.

ಆಗ ಅವಳ ಪಾಲಿಗೆ ಬಂದದ್ದು ಒಂದು ಕೆಂಪು ಕೋಟು. ಎದೆಯ ಜೇಬಿನ ಮೇಲೆ ಯಾರೋ ಕೈಯಿಂದ ಹಾಕಿದ ಹಕ್ಕಿಯ ಕಸೂತಿ. ಅಕ್ಕ ಗುಂಡಿ ಬದಲಿಸಿದರು, ಕಾಲರ್ ಬದಲಿಸಿದರು. ಹಕ್ಕಿಯನ್ನು ಬಿಟ್ಟರು. "ಒಂದೊಂದು ರೆಕ್ಕೆಗೂ ಮೂರ್ಮೂರು ಬಣ್ಣ ಹಾಕಿದ್ರು. ಅಂಥಾ ಕೈಕೆಲಸಕ್ಕೆ ಬ್ಲೇಡ್ ಹಾಕೋಕೆ ಮನಸ್ಸೇ ಬರಲಿಲ್ಲ. ಹೊಲಿಗೆ ಮೇಲಿನ ಆಸೆಗೆ ಹಾಕ್ಕೊಳ್ಳೋ ಮಗೂನೇ ಮರೆತುಬಿಟ್ಟೆ ನೋಡಿ."

ತರಗತಿಯಲ್ಲಿ ಇನ್ನೊಬ್ಬ ಹುಡುಗಿ ಹಕ್ಕಿಯ ಕಡೆ ಬೆರಳು ತೋರಿಸಿದಳು. "ಅದು ನಮ್ಮಜ್ಜಿ ಹಾಕಿದ್ದು. ಆ ಕೋಟು ನಂದು!" ಆ ಮಗುವಿಗೆ ಕೆಟ್ಟ ಬುದ್ಧಿಯೇನೂ ಇರಲಿಲ್ಲ, ಆದರೆ ಉಳಿದವರು ನಕ್ಕರು. ಇವಳು ಕೋಟು ಬಿಚ್ಚಿ, ನೀಟಾಗಿ ಮಡಿಸಿ ಅವಳ ಬೆಂಚಿನ ಮೇಲಿಟ್ಟು, ಚಳಿಯಲ್ಲಿ ಹಾಗೆಯೇ ಮನೆಗೆ ನಡೆದಳು. ಮತ್ತೆ ಹೋಗಲಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಅವಳ ತಾಯಿ ಬೇಡಿಕೊಂಡರು, ಬೈದರು, ಎರಡೇಟು ಹಾಕಿಯೂ ನೋಡಿದರು.

ಆ ಮಡಿಸಿಟ್ಟ ಕೋಟು ಅಕ್ಕನ ಕಣ್ಣಿನಿಂದ ಹೋಗುವುದಿಲ್ಲ. ನೆರವು ಕೇಳುವ ಇದೇ ಸಾಲಿನಲ್ಲಿ ಒಂದು ಕಾಲಕ್ಕೆ ಅವರೂ ನಿಂತವರು. ಹದಿನಾರು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಬರೀ ಕಾಲರ್ ಹೊಲಿದರು. ಗಂಡ ತೀರಿಕೊಂಡ ಮರುವರ್ಷವೇ ಕಾರ್ಖಾನೆಗೂ ಬೀಗ ಬಿತ್ತು. ಇಬ್ಬರು ಹೆಣ್ಣುಮಕ್ಕಳು. ಚೀಲವನ್ನು ಚಿಕ್ಕದಾಗಿ ಮಡಚಿ ಮುಷ್ಟಿಯಲ್ಲಿ ಮುಚ್ಚಿಕೊಂಡು ಬರುತ್ತಿದ್ದರು. "ದಾರೀಲಿ ಗುರುತಿನವರು ಸಿಕ್ಕಿದ್ರೆ ಔಷಧಿ ಅಂಗಡಿಗೆ ಹೊರಟೆ ಅನ್ನೋದು. ಬೀದಿಯವರೆಲ್ಲ ನನಗೇನೋ ದೊಡ್ಡ ಕಾಯಿಲೆ ಅಂದ್ಕೊಂಡಿದ್ರು!" ಎಂದು ಈಗ ನಗುತ್ತಾರೆ. ಒಂದು ದಿನ, ಹಂಚಲು ಇಟ್ಟ ಅಂಗಿಗಳಲ್ಲಿ ಅರ್ಧಕ್ಕೆ ಗುಂಡಿಯೇ ಇಲ್ಲದ್ದು ಕಂಡು ಸೂಜಿ ಕೇಳಿದರು. ಅಂದು ಕೂತವರು ಏಳಲಿಲ್ಲ. ಈಗ ಬೆಳಗಿನ ಹೊತ್ತು ಇಲ್ಲಿ ಸಣ್ಣ ಸಂಬಳಕ್ಕೆ, ಮಧ್ಯಾಹ್ನದ ಮೇಲೆ ದರ್ಜಿಯ ಅಂಗಡಿಯಲ್ಲಿ. ಮಕ್ಕಳಿಬ್ಬರೂ ತಮ್ಮ ಕಾಲ ಮೇಲೆ ನಿಂತಿದ್ದಾರೆ.

ಕೊಡುವವರಿಗೆ ಒಂದು ಸಲ ಕೊಟ್ಟರೆ ಮುಗಿಯಿತು. ಪಡೆದವಳು ಮಾತ್ರ ಅದನ್ನು ಹಾಕಿಕೊಂಡು ದಿನಾ ನಾಲ್ಕು ಜನರ ನಡುವೆ ಓಡಾಡಬೇಕು. "ಹಸಿವು ಹೆಂಗೋ ತಡ್ಕೋಬಹುದು. 'ಅದು ನಂದು' ಅಂತ ಬೆರಳು ತೋರಿಸಿದ್ರೆ ತಡ್ಕೊಳ್ಳೋಕೆ ಆಗಲ್ಲ" ಎನ್ನುತ್ತಾರೆ ಅಕ್ಕ.

ಬಿಸಿಲೇರುವ ಹೊತ್ತಿಗೆ ತಾಯಿ ಮಗಳನ್ನು ಕರೆದುಕೊಂಡು ಬರುತ್ತಾರೆ. ಕೋಟು ನೋಡಿದ ಮೇಲೆಯೇ ಶಾಲೆಯ ಮಾತು ಎಂದು ಮಗಳು ಹಟ ಹಿಡಿದಿದ್ದಾಳಂತೆ. ಹೊಸ್ತಿಲ ಹೊರಗೇ ನಿಲ್ಲುತ್ತಾಳೆ. "ಬಸ್ ಹತ್ತು ಮರಿ, ಟಿಕೆಟ್ ಕೇಳಲ್ಲ" ಎಂಬ ಕಂಡಕ್ಟರ್ ಮಾತಿಗೆ ಅವಳು ನಗುವುದಿಲ್ಲ. ಕೊನೆಗೆ ಒಳಗೆ ಬಂದು ಕೋಟನ್ನು ತಿರುಗಿಸಿ, ಜೇಬು ಹೊರಗೆಳೆದು, ಅಸ್ತರಿನವರೆಗೂ ತಡಕುತ್ತಾಳೆ.

"ಇದು ಯಾರದ್ದು?"

"ನಿಂದೇ ಕಣೇ."

"ಮೊದಲು?"

ಅಕ್ಕ ಸುಳ್ಳು ಹೇಳುವುದಿಲ್ಲ. "ಮೊದಲು ಯಾರೋ ಹಾಕಿದ್ರು. ಈಗ ಅವರೇ ಬಂದ್ರೂ ಗೊತ್ತಾಗಲ್ಲ."

"ಗೊತ್ತಾದ್ರೆ?"

ತಾಯಿ "ಸಾಕು ಸುಮ್ನಿರೇ, ಅವರಷ್ಟು ಕಷ್ಟಪಟ್ಟು..." ಎಂದು ಗದರಲು ಹೊರಟರೆ, ಅಕ್ಕ ಕೈ ಎತ್ತಿ ತಡೆಯುತ್ತಾರೆ. ಹೊಸ ಗುಂಡಿ ಹಾಕುವುದು ಇನ್ನೂ ಬಾಕಿ ಇದೆ. ಅವರು ಬಿಸ್ಕತ್ತಿನ ಡಬ್ಬಿಯನ್ನು ಹುಡುಗಿಯ ಮುಂದೆ ಸರಿಸುತ್ತಾರೆ. "ನೀನೇ ಆರಿಸು."

ಹುಡುಗಿ ಮೊಣಕೈವರೆಗೂ ಕೈ ಹಾಕಿ ಕಲಕುತ್ತಾಳೆ. ಬಹಳ ಹೊತ್ತಿನ ಮೇಲೆ ಐದು ಗುಂಡಿಗಳನ್ನು ಸಾಲಾಗಿ ಇಡುತ್ತಾಳೆ: ಹಳದಿ ಒಂದು, ಮರದ್ದೊಂದು, ಹಿತ್ತಾಳೆಯದೊಂದು, ಚೌಕದ್ದೊಂದು, ಚಿಪ್ಪಿನದೊಂದು. ಕಾಲರಿನ ಎರಡು ತುದಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಹೊಲಿದ ಅಕ್ಕನ ಮುಖ ಹುಳ್ಳಗಾಗುತ್ತದೆ.

"ಅಯ್ಯೋ, ಒಂದಕ್ಕೊಂದು ಸೇರಲ್ವಲ್ಲೇ ಪುಟ್ಟಿ!"

"ಅದಕ್ಕೇ. ಇಂಥದ್ದು ಬೇರೆ ಯಾರ ಹತ್ರಾನೂ ಇರಲ್ಲ."

ಅಕ್ಕ ಅವಳನ್ನೇ ನೋಡುತ್ತಾರೆ. ಆಮೇಲೆ ಸೂಜಿಗೆ ದಾರ ಪೋಣಿಸುತ್ತಾರೆ. ಕೊನೆಯ ಗುಂಡಿಯನ್ನು ಹುಡುಗಿಯೇ ಹಾಕುತ್ತಾಳೆ, ಸೊಟ್ಟಗೆ. ಅಕ್ಕ ಅದನ್ನು ಬಿಚ್ಚುವುದಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಕೈ ಹೊಲಿಗೆಯ ಮೇಲೆ, ಕಣ್ಣು ಕಿಟಕಿಯ ಮೇಲೆ. ಹೊರಗಿನ ಬೀದಿಯೇ ಶಾಲೆಯ ದಾರಿ. ಮಕ್ಕಳ ಒಂದು ಗುಂಪು ಹೋಗುತ್ತದೆ, ಇನ್ನೊಂದು ಹೋಗುತ್ತದೆ. ಕಂಡಕ್ಟರ್ ಪಕ್ಕದಲ್ಲೇ ಅಕ್ಕಿ ಅಳೆಯುತ್ತಿದ್ದಾರೆ. ಎಲ್ಲರಿಗಿಂತ ಹಿಂದೆ, ಚೀಲ ಬೆನ್ನಿಗೆ ಹಾಕಿದ ನೀಲಿ ಕೋಟು ಬರುತ್ತದೆ. ಕಿಟಕಿಯ ಮುಂದೆ ನಿಲ್ಲುತ್ತದೆ. ಹುಡುಗಿ ನೋಡುವುದು ಒಳಗಲ್ಲ, ಗಾಜಿನಲ್ಲಿ ಕಾಣುವ ತನ್ನನ್ನೇ. ಕಾಲರ್ ಸರಿಮಾಡಿಕೊಳ್ಳುತ್ತಾಳೆ, ಒಂದು ಸಲ ಪಕ್ಕಕ್ಕೆ ತಿರುಗಿ ನೋಡಿಕೊಳ್ಳುತ್ತಾಳೆ, ಮತ್ತೆ ಶಾಲೆಯ ಕಡೆ ಓಡುತ್ತಾಳೆ.

"ತಲೆ ಎತ್ತಬೇಡಿ ಮಾಮ, ನಾಚ್ಕೊಂಡುಬಿಡ್ತಾಳೆ" ಎಂದು ಪಿಸುಗುಟ್ಟಿದ ಅಕ್ಕ, ಅವಳು ಮರೆಯಾದ ಮೇಲೂ ಗಾಜನ್ನೇ ನೋಡುತ್ತಿದ್ದಾರೆ.

ನಿಮಗೇನಾದರೂ ಬೇಕೇ ಎಂದು ಕೇಳಿದರೆ ಅಕ್ಕ ಹೊಸ ಮೆಷಿನ್ನು ಕೇಳುವುದಿಲ್ಲ, ಇನ್ನೊಂದು ಬಲ್ಬನ್ನೂ ಕೇಳುವುದಿಲ್ಲ.

"ಇಲ್ಲೊಂದು ಆಳೆತ್ತರದ ಕನ್ನಡಿ ಆಗಬೇಕು. ಅಂಗಡಿಗೆ ಹೋದ್ರೆ ಹಾಕ್ಕೊಂಡು, ಹಿಂದೆ ಮುಂದೆ ತಿರುಗಿ ನೋಡ್ಕೊಳ್ತೀವಿ. ಇಲ್ಲಿಗೆ ಬಂದವರು ಯಾಕೆ ಗಂಟು ಕಟ್ಕೊಂಡು ಹೋಗಬೇಕು? ಅವರೂ ನೋಡ್ಕೊಳ್ಳಲಿ."