ತೆಂಗಿನಕಾಯಿಗೆ ನಾಲ್ಕು ಬೆರಳು ಮೇಲೆ

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ನಡೆದದ್ದಿದು. ಸಾಗರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ರವಿಕೆ ಹೊಲಿಯುವುದು ನನ್ನ ಕೆಲಸ. ಬಂದೂಕಿಗೂ ನನಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ನಾನೂ ಬಹಳ ದಿನ ಅದನ್ನೇ ಕೇಳಿಕೊಂಡಿದ್ದೆ.

ಸಂಬಂಧ ತಂದವಳು ನನ್ನ ಮಗಳು ಸ್ಮಿತಾ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದವಳು ಅಲ್ಲಿ ರೈಫಲ್ ಹಿಡಿದಳು, ಹಿಡಿದದ್ದನ್ನು ಮತ್ತೆ ಬಿಡಲಿಲ್ಲ. ಇರುವೆ ಸಾಲು ಕಂಡರೂ ದಾಟಿಕೊಂಡು ಹೋಗುವ ಮನೆ ನಮ್ಮದು. ನೆಂಟರು ಬಂದಾಗಲೆಲ್ಲ, ಹವ್ಯಕರ ಮನೆ ಕೂಸಿಗೆ ಕೋವಿ ಎಂತಕ್ಕೆ ಎಂದು ನನ್ನನ್ನೇ ಕೇಳುತ್ತಿದ್ದರು. ಅವಳು ಹೊಡೆಯುವುದು ಕಾಗದಕ್ಕೆ, ಪ್ರಾಣಿಗಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ನಿಜ ಹೇಳಬೇಕೆಂದರೆ, ಆ ಉತ್ತರ ನನಗೇ ಪೂರ್ತಿ ಸಮಾಧಾನ ಕೊಟ್ಟಿರಲಿಲ್ಲ.

ಅವಳಿಗೆ ಕಲಿಸುತ್ತಿದ್ದವರು ತೀರ್ಥಹಳ್ಳಿ ಕಡೆಯ ರಾಜಪ್ಪಗೌಡರು. ಸೈನ್ಯದಿಂದ ನಿವೃತ್ತರಾಗಿ ಬಂದವರು. ಹೊಸನಗರದಿಂದ ಮಾಸ್ತಿಕಟ್ಟೆಗೆ ಹೋಗುವ ದಾರಿಯಲ್ಲಿ ಗುಡ್ಡದ ಬುಡದ ಬಯಲೊಂದರಲ್ಲಿ ಆ ಭಾನುವಾರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇತ್ತು. ಪೊಲೀಸರ ಅನುಮತಿ ಎಲ್ಲ ಆಗಿತ್ತು. ಗೆದ್ದವರೊಬ್ಬರನ್ನು ಬೆಂಗಳೂರಿನ ತರಬೇತಿ ಶಿಬಿರಕ್ಕೆ ಕಳಿಸುತ್ತೇವೆಂದು ನಡೆಸುವವರು ಹೇಳಿದ್ದರು. ಜೂನಿಯರ್ ವಿಭಾಗದಲ್ಲಿ ಸ್ಮಿತಾಳಿಗೆ ಅದೇ ಕೊನೆಯ ವರ್ಷ. ಹೋದರೆ ಈ ಸಲ ಹೋಗಬೇಕು, ಇಲ್ಲದಿದ್ದರೆ ಇಲ್ಲ.

ಇಷ್ಟರಲ್ಲಿ ಗೌಡರಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಹೊಡೆಯುವವರ ಪಕ್ಕದಲ್ಲಿ ಕುಳಿತು, ದೊಡ್ಡ ದುರ್ಬೀನಿನಲ್ಲಿ ನೋಡಿ, ಗುಂಡು ಎಲ್ಲಿ ಬಿತ್ತೆಂದು ಹೇಳಲು ಒಬ್ಬರು ಬೇಕು. ಆ ಕೆಲಸ ಯಾವಾಗಲೂ ಅವರೇ ಮಾಡುತ್ತಿದ್ದರು. ಈಗ ಯಾರು? ಸ್ಮಿತಾ ನನ್ನ ಹೊಲಿಗೆ ಮಿಷನ್ನಿನ ಮುಂದೆ ಬಂದು ನಿಂತಳು.

“ಅಮ್ಮಾ, ಸೂಜಿಗೆ ದಾರ ಪೋಣ್ಸಕ್ಕೆ ನಿಂಗೆ ಇನ್ನೂ ಕನ್ನಡಕ ಬ್ಯಾಡ. ನೀ ಬರದಿದ್ರೆ ಆನು ಹೋಗ್ತ್ನಿಲ್ಲೆ” ಎಂದಳು.

ಹೀಗೆ ನಾನು ಹಿಂದಿನ ವಾರ ಗೌಡರ ಮನೆಗೆ ಕಲಿಯಲು ಹೋದೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಅವರು ರೈಫಲ್ ಮೇಲಿನ ಸ್ಕೋಪ್, ಅಂದರೆ ಗುರಿ ನೋಡುವ ಕೊಳವೆ, ತೋರಿಸಿದರು. ಅದರ ನೆತ್ತಿಯ ಮೇಲೊಂದು, ಪಕ್ಕದಲ್ಲೊಂದು ತಿರುಪು. ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ. ಮೇಲಿನದು ಗುಂಡು ಬೀಳುವ ಜಾಗವನ್ನು ಮೇಲೆ ಕೆಳಗೆ ಮಾಡುತ್ತದೆ, ಪಕ್ಕದ್ದು ಎಡ ಬಲ. ನಾನು ನೋಡಬೇಕಿದ್ದ ದೊಡ್ಡ ದುರ್ಬೀನಿನ ಗಾಜಿನೊಳಗೆ ಸ್ಕೇಲಿನಲ್ಲಿ ಇರುವ ಹಾಗೆ ಗೀಟುಗಳಿದ್ದವು.

“ಈ ತಿರುಪು ಇಂಚಿನ ಲೆಕ್ಕದಲ್ಲಿಲ್ಲಮ್ಮಾ, ಕೋನದ ಲೆಕ್ಕದಲ್ಲಿದೆ. ನೀವು ಇಂಚು ಗಿಂಚು ಅನ್ಬೇಡಿ. ಸಣ್ಣ ಗೀಟು ಎಷ್ಟು ಅಂತ ಎಣ್ಸಿ, ಅಷ್ಟೇ ಹೇಳಿ. ಒಂದು ಗೀಟಿಗೆ ಒಂದು ಟಿಕ್” ಎಂದರು.

ನಾನು ತಲೆಯಾಡಿಸಿದೆ. ಕೋನವನ್ನು ನಾನು ಎಸ್ಸೆಸ್ಸೆಲ್ಸಿಯಲ್ಲೇ ಬಿಟ್ಟು ಬಂದಿದ್ದೆ. ಕೂದಲಿನಷ್ಟು ತೆಳ್ಳಗಿದ್ದ ಆ ಗೀಟುಗಳನ್ನು ಎಣಿಸುವುದು ನನಗೆ ಕಿರಿಕಿರಿ ಎನಿಸಿತು. ಎರಡು ಬೆರಳು ಒಳಗೆ ಹಿಡಿಯುವುದು, ಒಂದು ಬೆರಳು ಸಡಿಲ ಬಿಡುವುದು, ಇದು ನನ್ನ ದಿನದ ಮಾತು. ಬಟ್ಟೆ ನೋಡಿದರೆ ಸಾಕು, ಎಷ್ಟು ಬೆರಳೆಂದು ಕಣ್ಣೇ ಹೇಳುತ್ತದೆ. ಗೌಡರು ಒಳಗೆ ಹೋದ ಮೇಲೆ ನಾನೂ ಸ್ಮಿತಾಳೂ ನಮ್ಮದೇ ಭಾಷೆ ಮಾಡಿಕೊಂಡೆವು. ನಾನು ಬೆರಳಿನಲ್ಲಿ ಹೇಳುತ್ತಿದ್ದೆ. ಎರಡು ಬೆರಳಿಗೆ ಏಳು ಟಿಕ್ ಎಂದು ಅವಳು ಲೆಕ್ಕ ಕಂಡುಕೊಂಡಳು. ಅಲ್ಲಿದ್ದ ಐವತ್ತು ಮೀಟರಿನ ಜಾಗದಲ್ಲಿ ವಾರವಿಡೀ ಅದು ಕರಾರುವಾಕ್ಕಾಗಿ ಕೆಲಸ ಮಾಡಿತು. ನನಗೆ ಒಳಗೊಳಗೇ ಜಂಬ ಬಂದದ್ದೂ ಹೌದು.

ಭಾನುವಾರ ಬಯಲಿನಲ್ಲಿ ಜನ ಸೇರಿದ್ದರು. ಹೆಂಗಸರೆಂದರೆ ನಾವಿಬ್ಬರೇ ಅನ್ನಬೇಕು. ಸೀರೆ ಉಟ್ಟು ಸ್ಮಿತಾಳಂತೆ ಜಮಖಾನದ ಮೇಲೆ ಬೋರಲು ಮಲಗಲು ಆಗುತ್ತದೆಯೇ? ನಾನು ಮಣೆ ಹಾಕಿಕೊಂಡು ಕುಳಿತೆ. ಮೊದಲ ಸುತ್ತು ಐವತ್ತು ಮೀಟರ್. ನಾನು ಬೆರಳು ಹೇಳಿದೆ, ಅವಳು ತಿರುಗಿಸಿದಳು, ಕಾಯಿಗಳು ಒಡೆದವು. ಹಿಂದೆ ಕುರ್ಚಿಯಲ್ಲಿ ಕುಳಿತಿದ್ದ ಗೌಡರು ತಮಗೆ ಏನೂ ಕಾಣದಿದ್ದರೂ ಜನರ ಚಪ್ಪಾಳೆ ಕೇಳಿ ನಗುತ್ತಿದ್ದರು. ನಾವು ಗೀಟು ಎಣಿಸುತ್ತಿದ್ದೇವೆಂದೇ ಅವರು ತಿಳಿದಿದ್ದರು.

ಕೊನೆಯ ಸುತ್ತು ನೂರು ಮೀಟರಿನದ್ದೆಂದು ಮಧ್ಯಾಹ್ನದ ಮೇಲೆ ಹೇಳಿದರು. ಗುಡ್ಡದ ಮಣ್ಣಿನ ಗೋಡೆಯ ಮುಂದೆ ಬಿಳಿ ರಟ್ಟು, ಅದರ ಮೇಲೆ ಕಪ್ಪು ವೃತ್ತ. ಮೊದಲು ಆ ವೃತ್ತಕ್ಕೆ ಎರಡು ಗುಂಡು ಹೊಡೆದು ಸರಿಮಾಡಿಕೊಳ್ಳಬಹುದು. ಆಮೇಲೆ ಅದೇ ಜಾಗದಲ್ಲಿ ಒಂದಾದ ಮೇಲೊಂದು ಸುಲಿದ ಕಾಯಿ ಕಟ್ಟುತ್ತಾರೆ. ಮೂರು ಕಾಯಿ, ಮೂರು ಗುಂಡು. ನಮಗಿಂತ ಮೊದಲು ಹೊಡೆದ ತೀರ್ಥಹಳ್ಳಿಯ ಯುವಕ ಎರಡು ಕಾಯಿಗೆ ಹೊಡೆದಿದ್ದ. ಸಮ ಬಂದರೆ ಮೊದಲ ಸುತ್ತಿನಲ್ಲಿ ಮುಂದಿದ್ದ ಅವನಿಗೇ ಸ್ಥಾನ. ಸ್ಮಿತಾಳಿಗೆ ಮೂರೂ ಬೇಕು.

ಅಷ್ಟು ದೂರಕ್ಕೆ ಎಷ್ಟು ತಿರುಗಿಸಬೇಕೆಂದು ಗೌಡರು ಅಂದಾಜು ಹೇಳಿದರು. ಮೊದಲ ಗುಂಡು ವೃತ್ತದ ನಡುವಿನಿಂದ ಕೆಳಗೆ ಬಿತ್ತು. ನಾಲ್ಕು ಬೆರಳು ಕೆಳಗೆ ಎಂದೆ. ಸ್ಮಿತಾ ಹದಿನಾಲ್ಕು ಟಿಕ್ ತಿರುಗಿಸಿದಳು. ಎರಡನೆಯ ಗುಂಡು ಹಾರಿತು. ನೋಡಿದರೆ ನಾಲ್ಕು ಬೆರಳು ಮೇಲೆ! ಮೊದಲು ಎಷ್ಟು ಕೆಳಗಿತ್ತೋ ಈಗ ಅಷ್ಟೇ ಮೇಲೆ. ಕಾಯಿ ಇದ್ದಿದ್ದರೆ ಗುಂಡು ಅದರ ನೆತ್ತಿ ದಾಟಿ ಮಣ್ಣಿಗೆ ಹೋಗುತ್ತಿತ್ತು.

ಸ್ಮಿತಾ ನನ್ನ ಕಡೆ ತಿರುಗಿದಳು. ಅವಳ ಮುಖ ಬಿಳುಚಿಕೊಂಡಿತ್ತು. ಬೈದಿದ್ದರೂ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಇನ್ನು ನೋಡಿಕೊಳ್ಳಲು ಗುಂಡಿಲ್ಲ. ಅಷ್ಟರಲ್ಲಿ ಕಾಯಿ ಕಟ್ಟಲು ಇಬ್ಬರು ಬಯಲಿನಲ್ಲಿ ನಡೆದುಹೋದರು.

ಏನು ಮಾಡಲೂ ತೋಚದೆ ನಾನು ಹೊತ್ತು ಎಷ್ಟಾಯಿತೆಂದು ಹಿಂದಕ್ಕೆ ತಿರುಗಿ ಪಡುವಣ ಗುಡ್ಡ ನೋಡಿದೆ. ಅದು ನನ್ನ ಹಳೆಯ ಅಭ್ಯಾಸ. ವರದಹಳ್ಳಿ ಕಡೆಯ ತವರುಮನೆಯಲ್ಲಿ ಹಪ್ಪಳ ಒಣಗಿಸಿ ಕಾಯುವಾಗ ಅಜ್ಜಿ ಕಲಿಸಿದ್ದು. ಕೈಯನ್ನು ಪೂರ್ತಿ ಮುಂದೆ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು, ಸೂರ್ಯನಿಗೂ ಗುಡ್ಡಕ್ಕೂ ನಡುವೆ ಎಷ್ಟು ಬೆರಳು ಹಿಡಿಯುತ್ತದೆಂದು ನೋಡುವುದು. ನಾಲ್ಕು ಬೆರಳಿದ್ದರೆ ಹೊತ್ತು ಮುಳುಗಲು ಹತ್ತಿರ ಹತ್ತಿರ ಒಂದು ತಾಸು.

ಕೈ ಚಾಚಿದೆ. ಗುಡ್ಡದ ಮೇಲಿನ ಒಂದು ದೊಡ್ಡ ಮರ ನನ್ನ ಕಿರುಬೆರಳಿನ ಹಿಂದೆ ಪೂರ್ತಿ ಮುಚ್ಚಿಹೋಯಿತು. ರವಿಕೆಯ ಮೇಲೆ ಇಟ್ಟರೆ ಇದೇ ಬೆರಳು ಒಂದು ಗುಂಡಿಯನ್ನು ಮುಚ್ಚುತ್ತದೆ. ಕೈ ಹಾಗೆಯೇ ನಿಂತಿತು. ಅಯ್ಯೋ ದೇವರೇ, ಬೆರಳು ಎರಡು ತರದ್ದು! ಬಟ್ಟೆಯ ಮೇಲಿನ ಬೆರಳು ಎಲ್ಲಿ ಹೋದರೂ ಅಷ್ಟೇ ಅಗಲ. ಆಕಾಶಕ್ಕೆ ಹಿಡಿದ ಬೆರಳು ಹಾಗಲ್ಲ, ದೂರ ಹೋದಷ್ಟೂ ಹೆಚ್ಚು ಮುಚ್ಚುತ್ತದೆ. ಗೌಡರ ಕೋನ ಎಂದರೆ ಇದೇ. ಕತ್ತರಿ ಬಾಯಿ ತೆರೆದಾಗ ಬುಡದಲ್ಲಿ ಸಂದು ಸಣ್ಣದು, ತುದಿಯಲ್ಲಿ ದೊಡ್ಡದು, ಆದರೆ ಬಾಯಿ ತೆರೆದದ್ದು ಒಂದೇ ಅಳತೆ. ಐವತ್ತು ಮೀಟರಿನಲ್ಲಿ ಎರಡು ಬೆರಳು ಸರಿಸುವ ಏಳು ಟಿಕ್ ನೂರು ಮೀಟರಿನಲ್ಲಿ ನಾಲ್ಕು ಬೆರಳು ಸರಿಸುತ್ತದೆ. ಬಟ್ಟೆಯ ಬೆರಳು ಹಿಡಿದುಕೊಂಡು ನಾನು ಮಗಳನ್ನು ದಾರಿ ತಪ್ಪಿಸುತ್ತಿದ್ದೆ. ಗಾಜಿನೊಳಗಿನ ಗೀಟುಗಳು ಆಕಾಶದ ಬೆರಳುಗಳು.

ಗಡಿಬಿಡಿಯಲ್ಲಿ ದುರ್ಬೀನಿಗೆ ಕಣ್ಣಿಟ್ಟೆ. ಕಾಯಿಯ ಹಿಂದಿನ ರಟ್ಟಿನಲ್ಲಿ, ಅದರ ನೆತ್ತಿಗಿಂತ ಮೇಲೆ, ಎರಡನೆಯ ಗುಂಡಿನ ತೂತು ಇನ್ನೂ ಕಾಣುತ್ತಿತ್ತು. ಕಾಯಿಯ ನಡುವಿನಿಂದ ತೂತಿನವರೆಗೆ ಒಂದೊಂದೇ ಗೀಟು ಎಣಿಸಿದೆ.

“ಸ್ಮಿತಾ, ಬೆರಳು ಮರ್ತುಬಿಡು. ಏಳು ಗೀಟು ಮೇಲಿದ್ದು. ಏಳು ಟಿಕ್ ಇಳ್ಸು.”

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. “ಖರೆ ಹೌದಾ?”

“ಆನು ಎಣ್ಸಿ ಹೇಳ್ತಾ ಇದ್ದಿ. ಇಳ್ಸು.”

ಅವಳು ಮತ್ತೇನೂ ಕೇಳದೆ ಏಳು ಟಿಕ್ ಇಳಿಸಿದಳು. ಮೊದಲ ಕಾಯಿ ಸಿಡಿದು ಎರಡು ಹೋಳಾಯಿತು. ಎರಡನೆಯದರ ಬಲ ಮಗ್ಗುಲು ಹಾರಿತು. ಗಾಳಿ ಎದ್ದಿತ್ತು, ಗುಂಡು ಬಲಕ್ಕೆ ಸರಿಯುತ್ತಿತ್ತು. ಮೂರು ಗೀಟು ಬಲ ಎಂದೆ, ಅವಳು ಮೂರು ಟಿಕ್ ಎಡಕ್ಕೆ ತಿರುಗಿಸಿದಳು.

ಮೂರನೆಯ ಗುಂಡು ಹಾರಿದಾಗ ಏನೂ ಆಗಲಿಲ್ಲ. ಕಾಯಿ ಹಾಗೆಯೇ ನೇತಾಡುತ್ತಿತ್ತು. ಜನ ಅಯ್ಯೋ ಎಂದರು. ಸ್ಮಿತಾ ರೈಫಲ್ ಪಕ್ಕಕ್ಕಿಟ್ಟು ಜಮಖಾನದಲ್ಲಿ ಮುಖ ಮುಚ್ಚಿಕೊಂಡಳು. ಅವಳ ಬೆನ್ನು ಮುಟ್ಟಬೇಕೆನಿಸಿದರೂ ನಾನು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಏಕೆಂದು ನನಗೆ ಗೊತ್ತಿಲ್ಲ. ಕಾಯಿಯ ನಡುವಿನಲ್ಲಿ, ಸೂಜಿ ಚುಚ್ಚಿದಂತೆ, ಒಂದು ಕಪ್ಪು ಚುಕ್ಕಿ ಇತ್ತು. ಅದರ ಕೆಳಗೆ ಏನೋ ಹೊಳೆಯಿತು. ಮತ್ತೊಮ್ಮೆ ಹೊಳೆದು ಜಾರಿತು.

“ಕಾಯಿಂದ ನೀರು ಬತ್ತಾ ಇದ್ದು” ಎಂದೆ. ಯಾರಿಗೂ ಕೇಳಿಸಲಿಲ್ಲ. ಗೌಡರಿಗೆ ಮಾತ್ರ ಕೇಳಿಸಿತು. ಅವರು ಎದ್ದು ನಿಂತು, ಹೋಗಿ ಕಾಯಿ ನೋಡಿ ಎಂದು ನಡೆಸುವವರನ್ನು ಕರೆದು ಹೇಳಿದರು. ಇಬ್ಬರು ಹೋಗಿ ಕಾಯಿ ಬಿಚ್ಚಿ, ಬಗ್ಗಿಸಿ ನೋಡಿ, ಅಲ್ಲಿಂದಲೇ ಕೈ ಎತ್ತಿದರು. ಗುಂಡು ಕಾಯಿಯನ್ನು ಒಡೆಯದೆ ತೂರಿಕೊಂಡು ಆಚೆ ಹೋಗಿತ್ತು.

ಸ್ಮಿತಾ ಶಿಬಿರಕ್ಕೆ ಹೋಗಿ ಬಂದಳು, ಈಗಲೂ ಹೊಡೆಯುತ್ತಾಳೆ. ನೆಂಟರು ಈಗಲೂ ಅದೇ ಪ್ರಶ್ನೆ ಕೇಳುತ್ತಾರೆ, ಆದರೆ ನನ್ನ ಉತ್ತರ ಮೊದಲಿನಷ್ಟು ಮೆತ್ತಗಿಲ್ಲ.

ಆ ಸಂಜೆ ಬಸ್ಸಿಗೆ ಕಾಯುವಾಗ ಗೀಟಿನ ಗುಟ್ಟು ನನಗೆ ಹೇಗೆ ಹೊಳೆಯಿತೆಂದು ಅವಳು ಕೇಳಿದಳು. ಅವಳಿಗೂ ಕೈ ಚಾಚಿಸಿ ಸೂರ್ಯನನ್ನು ಅಳೆಸಿದೆ. ಅವಳ ಬೆರಳು ಸಪೂರ, ತೋಳು ಗಿಡ್ಡ. ನನ್ನ ಬೆರಳು ದಪ್ಪ, ತೋಳು ಉದ್ದ. ಲೆಕ್ಕ ಬೇರೆ ಬರುತ್ತದೆಂದು ಅವಳು ಪಂದ್ಯ ಕಟ್ಟಿದಳು. ಇಬ್ಬರೂ ಅಕ್ಕಪಕ್ಕ ನಿಂತು ಒಂದೇ ಸಲ ಕೈ ಚಾಚಿದೆವು. ಅವಳಿಗೂ ಎರಡು ಬೆರಳು, ನನಗೂ ಎರಡೇ.

ಬಸ್ಸು ಬಂದು ಹಾರ್ನ್ ಹಾಕಿತು. ಇಬ್ಬರೂ ಇನ್ನೂ ಕೈ ಇಳಿಸಿರಲಿಲ್ಲ.